ಬಂಗಾರಪೇಟೆಯ ದಾರಿಯಲ್ಲಿ ಒಂದು ಗ್ಲೈಡರು

ಕೋಲಾರದ ಚಿನ್ನದ ಗಣಿಗಳ ಕಡೆಗೆ ಪ್ರಯಾಣ ಹೊರಡುವವರು ಸಾಮಾನ್ಯವಾಗಿ ಭೂಮಿಯ ಕೆಳಗಣ ವಿಷಯದಲ್ಲಿ ಕುತೂಹಲವುಳ್ಳವರು. ನಾವು ಹೊರಟದ್ದಾದರೋ ಆಕಾಶದಲ್ಲಿ ತೇಲತಕ್ಕ ಒಂದು ವಸ್ತುವನ್ನು ಅಲ್ಲಿಗೆ ಮುಟ್ಟಿಸುವುದಕ್ಕಾಗಿ. ದಾರಿಯಲ್ಲಿ ನಮಗೊಂದು ಗಂಡಾಂತರ ಒದಗಿತು. ಅದರಿಂದ ಒಂದು ಪಾಠವನ್ನೂ ಕಲಿತೆವು. ಅದನ್ನು ವಾಚಕರ ಮುಂದಿಡುವುದು ಉಪಯುಕ್ತವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ಗ್ಲೈಡರನ್ನು ಎಳೆದುಕೊಂಡು ಹೋಗುವ ಪ್ರಸಂಗ ಎಲ್ಲ ಗೃಹಸ್ಥರಿಗೂ ಬರಲಾರದು. ಆದರೆ ಒಂದು ಗಾಡಿಯ ಹಿಂದೆ ಇನ್ನೊಂದು ಗಾಡಿಯನ್ನು ಕಟ್ಟಿ ಸಾಮಾನು ಸಾಗಿಸುವ ಸಂದರ್ಭ ಯಾರಿಗಾದರೂ ಬರಬಹುದು. ಹಾಗೆ ಕಟ್ಟಿದ ಗಾಡಿಯ ಪಕ್ಕದಲ್ಲಿ ಸೈಕಲ್ಲಿನ ಮೇಲೆ ಹೋಗುವ ಸಂದರ್ಭವಂತೂ ದಿನವೂ ಬರುವುದು.

ಗ್ಲೈಡರೆಂದರೆ ಯಂತ್ರವಿಲ್ಲದ ವಿಮಾನ. ಅದನ್ನು ಹಗ್ಗದಿಂದಲೋ ಬೇರೊಂದು ವಿಮಾನದಿಂದಲೋ ಮೇಲಕ್ಕೆಳೆದು ಬಿಟ್ಟರೆ, ಬಿಸಿಲಿಗೆ ಕಾದು ಏರುವ ಗಾಳಿಯನ್ನು ಆಶ್ರಯಿಸಿ ಗರುಡನಂತೆ ಗಂಟೆಗಟ್ಟಲೆ ತೇಲಬಲ್ಲದು. ನಮ್ಮ ನಾಡಿಗೆ ಇದು ಹೊಸದಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ, ಡಾ. ವಿ. ಎಂ. ಘಾಟಗೆಯವರು ಹತ್ತು ಮಂದಿ ಕೂರಬಹುದಾದ ಒಂದು ಗ್ಲೈಡರನ್ನು ರೂಪಿಸಿದ್ದರು. ನಾವು ಒಯ್ಯಬೇಕಾಗಿದ್ದುದು ಅಂತಹ ದೊಡ್ಡದಲ್ಲ. ಒಬ್ಬರು ಕೂರುವಂಥದು, ರೆಕ್ಕೆಯ ತುದಿಯಿಂದ ತುದಿಗೆ ೧೫ ಮೀಟರು. ಹಾರುವ ವಯಸ್ಸು ಕಳೆದು ಒಬ್ಬ ಮಿತ್ರರ ಉಗ್ರಾಣದಲ್ಲಿ ಬಿದ್ದಿದ್ದ ಅದನ್ನು, ಗಣಿಯೂರಿನಲ್ಲಿ ನಮ್ಮ ಸೋದರಮಾವನವರು ಬಹುಕಾಲ ಪಾಠ ಹೇಳಿದ ಶಾಲೆಗೆ ಕೊಡುವುದೆಂದು ನಿಶ್ಚಯವಾಯಿತು. ಮಕ್ಕಳು ರೆಕ್ಕೆಯನ್ನು ಮುಟ್ಟಿ ನೋಡಲಿ ಎಂಬುದು ಮಾವನವರ ಅಪೇಕ್ಷೆ.

ಗ್ಲೈಡರನ್ನು ರಸ್ತೆಯ ಮೇಲೆ ಒಯ್ಯುವುದಕ್ಕೆ ಅದರ ರೆಕ್ಕೆಗಳೆರಡನ್ನೂ ಬಿಚ್ಚಿ, ಒಡಲಿನ ಇಕ್ಕೆಲದಲ್ಲಿ ನಿಲ್ಲಿಸಿ, ಉದ್ದನೆಯ ಪೆಟ್ಟಿಗೆಯಂತಹ ಟ್ರೈಲರಿನಲ್ಲಿ ಇಡುತ್ತಾರೆ. ನಮ್ಮ ಟ್ರೈಲರಿನ ಪೆಟ್ಟಿಗೆ ೮ ಮೀಟರು ಉದ್ದ. ಅದರ ಮುಂದೆ ೧ ಮೀಟರಿನ ಮೂಕಿ. ಒಂದೇ ಅಚ್ಚು, ಎರಡೇ ಗಾಲಿ. ಅದನ್ನು ಮಾಡಿಕೊಟ್ಟ ಕಾರ್ಖಾನೆಯವರು ನೋಟಕ್ಕೆ ಸಮವಾಗಿರಲೆಂದೋ ಏನೋ, ಅಚ್ಚನ್ನು ಪೆಟ್ಟಿಗೆಯ ನಟ್ಟನಡುವೆ ಕೂರಿಸಿದ್ದರು. ಹಿಂದಿನ ಬಾಗಿಲ ಬಳಿ ಹೆಚ್ಚುವರಿ ಗಾಲಿಯನ್ನೂ ಹತ್ಯಾರುಗಳ ಪೆಟ್ಟಿಗೆಯನ್ನೂ ಇಡುವುದಕ್ಕೆ ಅನುಕೂಲವಾದ ಸ್ಥಳವಿತ್ತು. ಎರಡೂ ಸೇರಿ ೪೦ ಕಿಲೋ. ಹೊರಡುವ ಬೆಳಿಗ್ಗೆ ನಮ್ಮ ಭಾವಮೈದುನನು ಮೂಕಿಯನ್ನು ಒಂದೇ ಕೈಯಿಂದ ಎತ್ತಿ ಜೀಪಿನ ಕೊಂಡಿಗೆ ಸಿಕ್ಕಿಸಿ, “ಭಾವ, ನೋಡಿದಿರಾ, ಹೂವಿನ ಹಾಗಿದೆ!” ಎಂದನು. ನಾವೂ ಅದನ್ನು ಗುಣವೆಂದೇ ಎಣಿಸಿ ಸಂತೋಷಪಟ್ಟೆವು. ನಮ್ಮ ಮನೆಯವರೂ ಎಂಟು ವರ್ಷದ ಮಗಳೂ ಜೀಪಿನ ಹಿಂದಿನ ಆಸನದಲ್ಲಿ ಬುತ್ತಿಯ ಡಬ್ಬಿಗಳೊಡನೆ ಕುಳಿತರು.

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಹೊಸಕೋಟೆಯನ್ನು ದಾಟುವ ಹೊತ್ತಿಗೆ ಮಂಜು ಕರಗಿತು. ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು ೭೦ ಕಿಲೋಮೀಟರು, ರಸ್ತೆ ವಿಶಾಲವಾದದ್ದು. ನಾವು ನಿಧಾನವಾಗಿಯೇ ಹೋದುದರಿಂದ ಯಾವ ತೊಂದರೆಯೂ ಕಾಣಲಿಲ್ಲ. ಆಗಾಗ ಹಿಂದಿನಿಂದ ಯಾರೋ ಬೆನ್ನನ್ನು ಮೆಲ್ಲಗೆ ತಟ್ಟಿದಂತಾಗುತ್ತಿತ್ತು. ರಸ್ತೆಯ ದೋಷವೆಂದು ಸುಮ್ಮನಾದೆವು. ಕೋಲಾರದಲ್ಲಿ ಕೋಲಾರಮ್ಮನ ಗುಡಿಗೂ ಸೋಮೇಶ್ವರನ ಗುಡಿಗೂ ಹೋಗಿ, ಅಂತರಗಂಗೆಯ ಬೆಟ್ಟವನ್ನು ಕೆಳಗಿನಿಂದಲೇ ನೋಡಿ, ಬುತ್ತಿಯನ್ನು ಮುಗಿಸಿ, ಮಧ್ಯಾಹ್ನ ಬಂಗಾರಪೇಟೆಯ ದಾರಿ ಹಿಡಿದೆವು.

ಈ ದಾರಿಯು ಬಲು ಸೊಗಸಾದದ್ದು. ಕೊಯ್ಲಾದ ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು, ಕೋಲುಗಳಿಗೆ ಕಟ್ಟಿದ ಟೊಮೇಟೊ ಸಾಲುಗಳು, ನಡುನಡುವೆ ನೀಲಗಿರಿಯ ತೋಪು, ದೂರದಲ್ಲಿ ಬೋಳು ಬಂಡೆಯ ಗುಡ್ಡಗಳು. ಹೊಟ್ಟೆ ತುಂಬಿದ್ದರಿಂದಲೂ ದಾರಿ ಬರಿದಾಗಿದ್ದುದರಿಂದಲೂ ಭಾವಮೈದುನನು ವೇಗವನ್ನು ಹೆಚ್ಚಿಸಿದನು. ಒಂದು ಇಳಿಜಾರಿನಲ್ಲಿ ಗಂಟೆಗೆ ೬೫ ಕಿಲೋಮೀಟರಿನಷ್ಟಾಯಿತು. ಆಗ ಹಿಂದಿನಿಂದ ಒಂದು ದೊಡ್ಡ ಲಾರಿಯು ನಮ್ಮನ್ನು ದಾಟಿಕೊಂಡು ಹೋಯಿತು. ಅದು ಒತ್ತರಿಸಿದ ಗಾಳಿಯು ಮೊದಲು ನಮ್ಮ ಟ್ರೈಲರನ್ನು ಎಡಕ್ಕೆ ನೂಕಿತು. ಅದು ಮುಂದೆ ಹೋದಂತೆಯೇ ಬಲಕ್ಕೆ ಸೆಳೆಯಿತು. ಟ್ರೈಲರು ಒಮ್ಮೆ ಬಾಲ ಬೀಸಿತು. ಭಾವಮೈದುನನು ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸಿದನು. ಅಷ್ಟರಲ್ಲಿ ಟ್ರೈಲರು ತಾನಾಗಿಯೇ ಹಿಂತಿರುಗುತ್ತಿದ್ದುದರಿಂದ, ಅವನ ತಿದ್ದುಪಡಿಯು ತಡವಾಗಿ ಬಂದು ಅದರ ಬೀಸಿಗೇ ಸಹಾಯವಾಯಿತು. ಎರಡನೆಯ ಬೀಸು ಮೊದಲನೆಯದಕ್ಕಿಂತ ದೊಡ್ಡದು. ಮೂರನೆಯದು ಅದಕ್ಕಿಂತಲೂ ದೊಡ್ಡದು. ಅವನು ಗಾಬರಿಯಿಂದ ಬ್ರೇಕನ್ನು ಒತ್ತಿದನು. ಆಗಂತೂ ಜೀಪಿನ ಹಿಂಭಾಗವೇ ರಸ್ತೆಯ ಮೇಲೆ ಜಾರತೊಡಗಿತು. “ಭಾವ, ಹಿಂದಿನದು ನಮ್ಮನ್ನು ಓಡಿಸುತ್ತಿದೆ!” ಎಂದು ಕೂಗಿದನು.

ಅದೇ ಕ್ಷಣದಲ್ಲಿ ರಸ್ತೆಯ ಎಡಗಡೆಯಲ್ಲಿ, ಸೈಕಲ್ಲಿಗೆ ಎರಡು ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದ ಒಬ್ಬ ಹುಡುಗನನ್ನು ನಾವು ಕಂಡೆವು. ನಾವು ಕಂಡೆವೇ ಹೊರತು ಏನನ್ನೂ ಮಾಡಲಾರದೆ ಹೋದೆವು. ಟ್ರೈಲರಿನ ಬಾಲವು ಅವನಿಂದ ಒಂದು ಮೊಳ ದೂರದಲ್ಲಿ ಬೀಸಿಹೋಯಿತು. ಅವನು ಸೈಕಲ್ಲಿನೊಡನೆ ಮಣ್ಣಿಗಿಳಿದು ನಿಂತನು. ಅಷ್ಟರಲ್ಲಿ ನಮ್ಮ ದೈವವಶದಿಂದ ಇಳಿಜಾರು ಮುಗಿದು ಏರು ಮೊದಲಾಯಿತು. ಬೆದರಿದ ಚಾಲಕನ ಕಾಲು ಎರಡು ಪೆಡಲುಗಳಿಂದಲೂ ಜಾರಿತ್ತು. ವೇಗವು ನಲವತ್ತಕ್ಕೆ ಇಳಿಯಿತು. ಯಾರೂ ಏನೂ ಮಾಡದೆಯೇ ಟ್ರೈಲರಿನ ಬೀಸು ಕಿರಿದಾಗಿ, ಸಣ್ಣಗಾಗಿ, ನಿಂತುಹೋಯಿತು.

ನಾವು ಇಳಿದು ಹಿಂದಕ್ಕೆ ನಡೆದು ಆ ಹುಡುಗನ ಬಳಿಗೆ ಹೋದೆವು. ಅವನಿಗೆ ಗಾಯವಾಗಿರಲಿಲ್ಲ, ಒಂದು ಕ್ಯಾನಿನ ಹಾಲು ಚೆಲ್ಲಿತ್ತು. ಅದರ ಬೆಲೆಯನ್ನು ಕೊಟ್ಟೆವು. ಅವನು ಹಣವನ್ನು ಎಣಿಸಿಕೊಂಡು, “ನಿಧಾನಕ್ಕೆ ಹೋಗಿ ಸ್ವಾಮಿ” ಎಂದಷ್ಟೇ ಹೇಳಿ ಸೈಕಲ್ಲನ್ನೇರಿದನು. ಹಿಂತಿರುಗಿದಾಗ ನಮ್ಮ ಮನೆಯವರು ಮಗಳ ಕೈ ಹಿಡಿದುಕೊಂಡು ಜೀಪಿನಿಂದ ದೂರ ನಿಂತಿದ್ದರು. “ಇದನ್ನು ಕಟ್ಟಿಕೊಂಡಿರುವ ತನಕ ಮಗು ಈ ಗಾಡಿಯಲ್ಲಿ ಕೂರುವುದಿಲ್ಲ” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರಿಬ್ಬರನ್ನೂ ಒಂದು ಬಸ್ಸಿನಲ್ಲಿ ಕಳುಹಿಸಿ, ನಾವು ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಬಂಗಾರಪೇಟೆಯನ್ನು ಸೇರಿದೆವು.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ಇಟ್ಟದ್ದು. ೧೮೬೪ರಲ್ಲಿ ಬೆಂಗಳೂರಿನ ದಂಡಿಗೂ ಜೋಲಾರಪೇಟೆಗೂ ರೈಲು ಓಡತೊಡಗಿದಾಗ ಈ ಊರು ಹಳಿಯ ಮೇಲಣ ಊರಾಯಿತು. ೧೮೯೪ರಲ್ಲಿ ಗಣಿಗಳಿಗೆ ಕವಲು ದಾರಿ ಹೋಯಿತು. ೧೯೧೩ರಲ್ಲಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಕಿರಿಯ ಹಳಿ ಬಂದಿತು. ಈಗ ಅದು ದೊಡ್ಡ ಹಳಿಯಾಗಿದೆ. ಈಗಿನ ಯುವಕರಿಗೆ ಈ ಊರು ಅಲ್ಲಿಯ ಚಾಟಿನಿಂದ ಪರಿಚಿತ. ಬಂಗಾರಪೇಟೆಯ ಪಾನಿಪೂರಿಯ ನೀರು ತಿಳಿಯಾಗಿರುತ್ತದೆಯೆಂಬುದನ್ನು ನಮ್ಮ ಮಗಳು ಆ ಸಂಜೆಯೇ ಪರೀಕ್ಷಿಸಿ ಒಪ್ಪಿದಳು. ನಮಗೆ ಮಾತ್ರ ಏನೂ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ, ನಮ್ಮ ಬಂಧುಗಳೊಬ್ಬರ ಧಾನ್ಯದ ಮಂಡಿಯ ಮುಂದೆ ಟ್ರೈಲರನ್ನು ಬಿಚ್ಚಿ ನಿಲ್ಲಿಸಿದ್ದೆವು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಮುದುಕರು ಬಂದು, ಬಾಗಿಲ ಕಡೆಯನ್ನು ಅಂಗೈಯಿಂದ ಒತ್ತಿದರು. ಮೂಕಿಯು ಸಲೀಸಾಗಿ ಮೇಲಕ್ಕೆದ್ದಿತು. “ಸ್ವಾಮಿ, ನಿಮ್ಮ ಬಂಡಿ ಹಿಂಬಾರ” ಎಂದರು. ಎತ್ತಿನ ಬಂಡಿ ಹೊಡೆದವರಿಗೆಲ್ಲ ಗೊತ್ತಿರುವ ಮಾತು ಇದು. ಬಂಡಿಗೆ ಹುಲ್ಲನ್ನಾಗಲಿ ಮೂಟೆಯನ್ನಾಗಲಿ ಹೇರುವಾಗ ಭಾರವು ಅಚ್ಚಿನಿಂದ ತುಸು ಮುಂದಕ್ಕೆ ಇರಬೇಕು. ಹೆಚ್ಚು ಮುಂದಾದರೆ ನೊಗವು ಎತ್ತಿನ ಹೆಗಲನ್ನು ಒತ್ತುವುದು. ಹಿಂದಾದರೆ ನೊಗವು ಮೇಲಕ್ಕೆದ್ದು ಕೊರಳ ಪಟ್ಟಿ ಬಿಗಿಯುವುದು. ಶಾಲೆಯಲ್ಲಿ ತುಲಾದಂಡದ ನಿಯಮವನ್ನು ಓದಿದ್ದ ನಾವು, ನಮ್ಮ ಅಜ್ಜಂದಿರ ಈ ಲೆಕ್ಕವನ್ನು ಮರೆತು, ಹಗುರವಾದ ಮೂಕಿಯನ್ನು ಹೊಗಳಿದ್ದೆವು!

ಕೂಡಲೇ ತೂಕದ ಕೆಲಸಕ್ಕೆ ಕೈಹಚ್ಚಿದೆವು. ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಟ್ರೈಲರು ಸಾಮಾನುಸಹಿತ ೬೦೦ ಕಿಲೋ ತೂಗಿತು. ಮೂಕಿಯ ಭಾರವನ್ನು ತಿಳಿಯುವ ಉಪಾಯವು ಯಾವ ಮನೆಯಲ್ಲಿಯೂ ಸಾಧ್ಯವಾದದ್ದು. ಮೈತೂಕ ನೋಡಿಕೊಳ್ಳುವ ಸಣ್ಣ ಯಂತ್ರವನ್ನು ಸಮನೆಲದ ಮೇಲಿಟ್ಟು, ಅದರ ಮೇಲೆ ಜೀಪಿನ ಕೊಂಡಿಯಷ್ಟೇ ಎತ್ತರಕ್ಕೆ ಬರುವ ಹಾಗೆ ಒಂದು ಮರದ ತುಂಡನ್ನು ನಿಲ್ಲಿಸಿ, ಮೂಕಿಯ ತುದಿಯನ್ನು ಅದರ ಮೇಲೆ ಕೂರಿಸಬೇಕು. ಯಂತ್ರವು ತೋರಿಸಿದ್ದರಲ್ಲಿ ಮರದ ತೂಕವನ್ನು ಕಳೆಯಬೇಕು. ನಮಗೆ ಬಂದದ್ದು ೫ ಕಿಲೋ! ಇಂತಹ ಟ್ರೈಲರಿನಲ್ಲಿ ಒಟ್ಟು ತೂಕದ ನೂರಕ್ಕೆ ಏಳರಿಂದ ಹತ್ತು ಪಾಲು ಮೂಕಿಯ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. ಆ ಲೆಕ್ಕದಂತೆ ನಮ್ಮದು ೪೨ರಿಂದ ೬೦ ಕಿಲೋಗಳಾಗಬೇಕಾಗಿತ್ತು. ಇದರ ಮೇಲೆ, ಟ್ರೈಲರಿನ ಟೈರುಗಳಲ್ಲಿ ಇರಬೇಕಾದ ಗಾಳಿಯ ಮೂರನೆಯ ಒಂದು ಪಾಲು ಇರಲಿಲ್ಲ. ಮೆತ್ತಗಾದ ಟೈರು ಪಕ್ಕಕ್ಕೆ ಬಾಗುವುದು. ಅದೂ ತೂಗಾಟಕ್ಕೆ ಒಂದು ಕಾರಣ.

ಗಾಲಿಯ ಪೆಟ್ಟಿಗೆಯನ್ನೂ ಹತ್ಯಾರುಗಳನ್ನೂ ತೆಗೆದು ಜೀಪಿನೊಳಗೆ ಇಟ್ಟೆವು. ಮೂಕಿಯ ಭಾರ ೩೩ ಕಿಲೋ ಆಯಿತು. ಅರ್ಧ ದಾರಿ ಬಂದಂತಾಯಿತು, ಪೂರ್ತಿಯಲ್ಲ. ಗಣಿಯೂರಿನಲ್ಲಿ ಬಲ್ಲ ಕೈಗಳುಂಟೆಂದು ಮಾವನವರು ಹೇಳಿ ಕಳುಹಿಸಿದರು. ನಮ್ಮ ಮನೆಯವರೂ ಮಗಳೂ ರೈಲಿನಲ್ಲಿಯೇ ಬರುವುದೆಂದಾಯಿತು. ಭಾವಮೈದುನನೊಬ್ಬನೇ ಜೀಪನ್ನು ಬಹು ಮೆಲ್ಲಗೆ ತರಲೊಪ್ಪಿದನು. ನಾವು ಮಗಳೊಡನೆ ರೈಲು ಹತ್ತಿದೆವು.

ಈ ಕವಲು ದಾರಿಯಲ್ಲಿ ಬೆಳಗಿನ ರೈಲುಗಳು ಬೆಂಗಳೂರಿನ ಕಡೆಗೆ ಕಿಕ್ಕಿರಿದು ಹೋಗುವುವು. ಗಣಿಗಳು ಮುಚ್ಚಿದ ಮೇಲೆ ಸಾವಿರಾರು ಮಂದಿ ದಿನವೂ ದುಡಿಮೆಗಾಗಿ ಅಲ್ಲಿಗೆ ಹೋಗಿಬರುತ್ತಾರೆ. ನಾವು ಎದುರು ದಿಕ್ಕಿಗೆ ಹೊರಟಿದ್ದರಿಂದ ಕೂರಲು ಸ್ಥಳ ಸಿಕ್ಕಿತು. ಡಬ್ಬಿಯು ಎಡಕ್ಕೂ ಬಲಕ್ಕೂ ತೂಗುವುದನ್ನು ಕಂಡು ಮಗಳು, “ಇದೂ ಬೀಸುತ್ತದೆಯೇ ಅಪ್ಪಾ?” ಎಂದು ಕೇಳಿದಳು. ರೈಲಿನ ಗಾಲಿಗಳ ಅಂಚು ತುಸು ಇಳಿಜಾರಾಗಿರುವುದರಿಂದ ಅವು ಹಳಿಯ ನಡುವೆ ಅತ್ತಿತ್ತ ಸರಿಯುತ್ತಲೇ ಹೋಗುವುವು. ಒಂದು ಮಿತಿಯ ವೇಗದವರೆಗೆ ಆ ಸರಿದಾಟವು ತಾನಾಗಿಯೇ ಅಡಗುವುದು. ಮಿತಿ ಮೀರಿದರೆ ಅಡಗದೆ ಬೆಳೆಯುವುದು. ರೈಲನ್ನು ನಿರ್ಮಿಸುವವರು ಆ ಮಿತಿಯು ಓಡುವ ವೇಗಕ್ಕಿಂತ ಬಹಳ ಮೇಲಿರುವಂತೆ ನೋಡಿಕೊಳ್ಳುತ್ತಾರೆ. ಟ್ರೈಲರಿಗೂ ಇಂತಹದೇ ಒಂದು ಮಿತಿಯುಂಟು. ನಮ್ಮದು ನಲವತ್ತರಲ್ಲಿ ಸಾಧುವಾಗಿದ್ದು ಅರವತ್ತೈದರಲ್ಲಿ ಹುಚ್ಚಾದದ್ದು ಇದರಿಂದಲೇ. ಭಾರವನ್ನು ಸರಿಯಾಗಿ ಹಂಚುವುದೆಂದರೆ ಈ ಮಿತಿಯನ್ನು ಮೇಲಕ್ಕೇರಿಸುವುದು, ಮಿತಿಯನ್ನು ಇಲ್ಲವಾಗಿಸುವುದಲ್ಲ.

ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳ ಹೆಸರುಗಳಲ್ಲಿಯೇ ಗಣಿಗಳ ಇತಿಹಾಸವಿದೆ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ಇಲ್ಲಿಗೆ ಬಂದರು. ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ತಂತಿಯ ಮೂಲಕ ವಿದ್ಯುತ್ತು ಬಂದಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದದ್ದು ಆಗಿನ ಕಾಲಕ್ಕೆ ಲೋಕವೇ ಬೆರಗಾಗುವ ಸಾಹಸ. ಚಾಂಪಿಯನ್ ರೀಫ್ ಗಣಿಯು ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲೊಂದಾಯಿತು. ೧೯೬೫ರಲ್ಲಿ ವಿಜ್ಞಾನಿಗಳು ಗಣಿಯ ಆಳದಲ್ಲಿ ಯಂತ್ರಗಳನ್ನಿಟ್ಟು, ಆಕಾಶದ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳೆಂಬ ಸೂಕ್ಷ್ಮಕಣಗಳ ಗುರುತನ್ನು ಹಿಡಿದರು. ೨೦೦೧ರ ಫೆಬ್ರುವರಿ ೨೮ರಂದು ಗಣಿಗಳು ಮುಚ್ಚಿದುವು. ಈಗ ಕಾಣುವುದು ತುಕ್ಕು ಹಿಡಿದ ಎತ್ತರದ ಚೌಕಟ್ಟುಗಳು, ಬೂದು ಬಣ್ಣದ ಸಯನೈಡು ಗುಡ್ಡಗಳು, ಸಾಲು ಸಾಲು ಚಿಕ್ಕ ಮನೆಗಳು.

ಮಾವನವರು ನಮ್ಮನ್ನು ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕಾರ್ಖಾನೆಗೆ ಕರೆದುಕೊಂಡು ಹೋದರು. ಅದರ ಯಜಮಾನರಾದ ಮೇಸ್ತ್ರಿಗಳು ಗಣಿಯ ಯಂತ್ರಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಫಿಟ್ಟರಾಗಿದ್ದವರು. ಮನೆಮಾತು ತಮಿಳು, ನಮ್ಮೊಡನೆ ಸ್ಪಷ್ಟವಾದ ಕನ್ನಡದಲ್ಲಿ ಮಾತನಾಡಿದರು. ಭಾವಮೈದುನನು ತಂದು ನಿಲ್ಲಿಸಿದ ಟ್ರೈಲರನ್ನು ಅವರು ಸುತ್ತಿ ಬಂದು, ಒಳಗಿನ ಗ್ಲೈಡರನ್ನು ನೋಡಿ, ಬಹಳ ಹೊತ್ತು ಸುಮ್ಮನಿದ್ದು, “ಇದರ ಬಾಲ ಮುಂದೆ, ಭಾರವಾದ ತಲೆ ಹಿಂದೆ, ರೆಕ್ಕೆಯ ಬುಡವೂ ಹಿಂದೆ. ಅಚ್ಚನ್ನು ಮಾತ್ರ ನಡುವೆ ಇಟ್ಟಿದ್ದಾರೆ” ಎಂದರು. ಗ್ಲೈಡರುಗಳನ್ನು ಟ್ರೈಲರಿನೊಳಕ್ಕೆ ಬಾಲ ಮುಂದಾಗಿ ನೂಕುವುದೇ ವಾಡಿಕೆ. ಆದಕಾರಣ ಬಲ್ಲವರು ಅಚ್ಚನ್ನು ನಡುವಿಗಿಂತ ಹಿಂದಕ್ಕೆ ಇಡುತ್ತಾರೆ.

ಭಾವಮೈದುನನು, “ಮೇಸ್ತ್ರಿಗಳೇ, ಅಚ್ಚನ್ನು ಏಕೆ ಮುಟ್ಟಬೇಕು? ಆ ನಲವತ್ತು ಕಿಲೋ ಸಾಮಾನನ್ನು ಟ್ರೈಲರಿನ ತೀರ ಮುಂದಿನ ಮೂಲೆಗೆ ಹಾಕಿದರೆ ಮೂಕಿಗೆ ಬೇಕಾದಷ್ಟು ಭಾರ ಬರುವುದಲ್ಲವೇ?” ಎಂದನು. ಲೆಕ್ಕಕ್ಕೆ ಅದು ಸರಿ. ಅರವತ್ತು ಕಿಲೋಗಳಷ್ಟೇ ಬರುತ್ತಿತ್ತು. ಮೇಸ್ತ್ರಿಗಳು ಉತ್ತರ ಕೊಡದೆ ಒಂದು ಬಿದಿರ ಕೋಲನ್ನು ತಂದು, ಅದರ ಎರಡು ತುದಿಗಳಿಗೂ ಒಂದೊಂದು ಇಟ್ಟಿಗೆ ಕಟ್ಟಿ, ನಮ್ಮ ಮಗಳ ಕೈಗೆ ಕೊಟ್ಟು, ನಡುವೆ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುವಂತೆ ಹೇಳಿದರು. ಅವಳು ತಿರುಗಿಸಿದಳು, ತಿರುಗಿದ್ದನ್ನು ನಿಲ್ಲಿಸಲಾರದೆ ತಾನೇ ಓಲಾಡಿದಳು. ಬಳಿಕ ಅವೇ ಇಟ್ಟಿಗೆಗಳನ್ನು ಅವಳ ಮುಷ್ಟಿಯ ಹತ್ತಿರಕ್ಕೆ ಕಟ್ಟಿದರು. ಈಗ ಕೋಲು ಹೇಳಿದಂತೆ ಕೇಳಿತು. “ತೂಕ ಒಂದೇ, ಅಮ್ಮಾ. ತುದಿಯಲ್ಲಿದ್ದರೆ ಹೊರಟ ಬೀಸು ನಿಲ್ಲುವುದಿಲ್ಲ. ತಕ್ಕಡಿಗೆ ಒಪ್ಪಿಗೆಯಾದರೆ ಸಾಲದು, ರಸ್ತೆಗೂ ಒಪ್ಪಿಗೆಯಾಗಬೇಕು” ಎಂದರು. ಈ ಪರೀಕ್ಷೆಯನ್ನು ವಾಚಕರು ತಮ್ಮ ಮಕ್ಕಳಿಂದ ಮನೆಯಲ್ಲಿಯೇ ಮಾಡಿಸಿ ನೋಡಬಹುದು.

ಆಮೇಲೆ ಅವರು ತಮ್ಮ ಹಳೆಯ ಕೆಲಸದ ಮಾತನ್ನು ಎತ್ತಿದರು. ಗಣಿಯ ಬಾವಿಯಲ್ಲಿ ಜನರನ್ನು ಇಳಿಸುವ ಕೇಜು ಉಕ್ಕಿನ ಹಗ್ಗದ ತುದಿಯಲ್ಲಿ ತೂಗುವುದು. ಆದರೆ ಅದರ ಇಕ್ಕೆಲದಲ್ಲಿಯೂ ಮೇಲಿನಿಂದ ಕೆಳಗಿನವರೆಗೆ ದಾರಿಕಂಬಿಗಳುಂಟು. “ಅಲ್ಲಿ ಕಂಬಿ ಇದ್ದುದರಿಂದ ಬೀಸಲಿಲ್ಲ. ರಸ್ತೆಯಲ್ಲಿ ಕಂಬಿ ಇಲ್ಲ, ಸ್ವಾಮಿ. ಭಾರ ಇಟ್ಟ ಜಾಗವೇ ಕಂಬಿ” ಎಂದರು.

ಕೆಲಸವು ಒಂದೂವರೆ ದಿನ ಹಿಡಿಯಿತು. ಗ್ಲೈಡರನ್ನು ಹೊರಗೆ ತೆಗೆದು, ಪಟ್ಟಿಯ ಸ್ಪ್ರಿಂಗುಗಳನ್ನು ಹಿಡಿದಿದ್ದ ಬ್ರಾಕೆಟ್ಟುಗಳನ್ನು ಬಿಚ್ಚಿ, ಅಚ್ಚನ್ನು ಆರು ಅಂಗುಲ ಹಿಂದಕ್ಕೆ ಸರಿಸಿ ಕೂರಿಸಿದರು. ಬೋಲ್ಟುಗಳನ್ನು ಬಿಗಿಯುವ ಮುನ್ನ, ಮೂಕಿಯ ತುದಿಯಿಂದ ಎರಡು ಗಾಲಿಗಳಿಗೂ ನೂಲು ಹಿಡಿದು, ಎರಡೂ ಕಡೆ ಅಳತೆ ಒಂದೇ ಆಗುವ ತನಕ ಬಿಡಲಿಲ್ಲ. ಅಚ್ಚು ಓರೆಯಾದರೆ ಟ್ರೈಲರು ನಾಯಿಯ ಹಾಗೆ ಪಕ್ಕಕ್ಕೆ ಓಡುವುದಂತೆ. ಕೊಂಡಿಯಲ್ಲಿದ್ದ ಸಡಿಲವನ್ನು ತೆಗೆದರು. ಹತ್ಯಾರುಗಳ ಪೆಟ್ಟಿಗೆ ಜೀಪಿನಲ್ಲಿಯೇ ಉಳಿಯಿತು. ಕೊನೆಗೆ ತೂಗಿದಾಗ ಟ್ರೈಲರು ೫೬೦ ಕಿಲೋ, ಮೂಕಿಯ ಭಾರ ೪೯ ಕಿಲೋ. ನೂರಕ್ಕೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಮೂಕಿಯ ಭಾರ ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಎಳೆಯುವ ಗಾಡಿಗೂ ಕೊಂಡಿಗೂ ಅದನ್ನು ಮಾಡಿದವರು ಒಂದು ಮೇರೆಯನ್ನು ಹೇಳಿರುತ್ತಾರೆ. ಅದನ್ನು ಮೀರಿದರೆ ಗಾಡಿಯ ಮುಂದಿನ ಗಾಲಿಗಳು ಹಗುರವಾಗಿ ಚಕ್ರದ ಮಾತನ್ನು ಕೇಳವು.

ಇನ್ನು ಚಾಲಕನು ನೆನಪಿಡತಕ್ಕ ಕೆಲವು ವಿಷಯಗಳು. ಟ್ರೈಲರು ಬೀಸತೊಡಗಿದರೆ ಮೊದಲು ಕಾಲನ್ನು ವೇಗದ ಪೆಡಲಿನಿಂದ ಮೆಲ್ಲಗೆ ತೆಗೆಯಬೇಕು. ಚಕ್ರವನ್ನು ನೇರವಾಗಿ ಹಿಡಿದಿರಬೇಕು. ಬೀಸಿಗೆ ಎದುರಾಗಿ ತಿರುಗಿಸಲು ಹೋಗಬಾರದು, ಏಕೆಂದರೆ ಮನುಷ್ಯನ ಕೈ ಯಾವಾಗಲೂ ಅರ್ಧ ಬೀಸಿನಷ್ಟು ತಡ. ಬ್ರೇಕನ್ನು ಜೋರಾಗಿ ಒತ್ತಬಾರದು. ಒತ್ತಿದರೆ ಹಿಂದಿನ ಭಾರವು ಮುಂದಿನ ಗಾಡಿಯನ್ನು ನೂಕುವುದು, ಅದರ ಹಿಂಗಾಲಿಗಳ ಹಿಡಿತವೂ ತಪ್ಪುವುದು. ಇನ್ನಷ್ಟು ವೇಗವಾಗಿ ಎಳೆದರೆ ನೇರವಾಗುವುದೆಂದು ಹೇಳುವವರುಂಟು. ಅದು ಅಪಾಯದ ಮಾತು. ಎಳೆಯುವ ಗಾಡಿಯು ಭಾರವಾಗಿದ್ದಷ್ಟೂ, ಅದರ ಮುಂಗಾಲಿ ಹಿಂಗಾಲಿಗಳ ನಡುವಣ ಅಂತರ ಹೆಚ್ಚಾಗಿದ್ದಷ್ಟೂ, ಕೊಂಡಿಯು ಹಿಂಗಾಲಿಯ ಅಚ್ಚಿಗೆ ಹತ್ತಿರವಾಗಿದ್ದಷ್ಟೂ ಕ್ಷೇಮ. ನಮ್ಮ ಜೀಪು ಗಿಡ್ಡ ಗಾಡಿಯಾದ್ದರಿಂದ ಈ ಕೆಲಸಕ್ಕೆ ಅಷ್ಟು ಉತ್ತಮವಲ್ಲ. ಕೊಂಡಿಯ ಗುಂಡನ್ನು ಇಕ್ಕುಳದಂತೆ ಬಿಗಿಹಿಡಿದು ಬೀಸನ್ನು ಅಡಗಿಸುವ ಸಾಧನಗಳೂ ಪರದೇಶಗಳಲ್ಲಿ ಸಾಮಾನ್ಯವಾಗಿವೆ; ಭಾರದ ಹಂಚಿಕೆ ಸರಿಯಾದ ಮೇಲೆ ಅವು ಸಹಾಯಕ, ಅದಕ್ಕೆ ಬದಲಾಗಿ ಅಲ್ಲ. ಗ್ಲೈಡರಿನ ಹವ್ಯಾಸ ಮನೆಮನೆಯ ಮಾತಾಗಿರುವ ಜರ್ಮನಿಯಲ್ಲಿಯೂ ಟ್ರೈಲರು ಕಟ್ಟಿದ ಗಾಡಿಗಳಿಗೆ ಸಾಮಾನ್ಯ ಮಿತಿ ಗಂಟೆಗೆ ೮೦ ಕಿಲೋಮೀಟರು. ಬರಿದಾದ ಟ್ರೈಲರನ್ನು ಹಿಂದಕ್ಕೆ ತರುವಾಗ ಮೂಕಿಯ ಭಾರವು ಬೇರೆಯಾಗಿರುವುದರಿಂದ, ಆಗಲೂ ಒಮ್ಮೆ ತೂಗಿ ನೋಡಬೇಕು.

ಮೂರನೆಯ ದಿನ ಮಧ್ಯಾಹ್ನ ಪರೀಕ್ಷೆಗೆ ಹೊರಟೆವು. ಮೇಸ್ತ್ರಿಗಳು ಮುಂದಿನ ಆಸನದಲ್ಲಿ ಕುಳಿತರು. ಭಾವಮೈದುನನ ಕೈಗಳು ಚಕ್ರದ ಮೇಲೆ ಬೆವರಿದ್ದುವು. ಊರಿನ ಹೊರಗೆ ಬರಿದಾದ ನೇರ ದಾರಿಯಲ್ಲಿ ನಲವತ್ತು, ಐವತ್ತು, ಅರವತ್ತು ಎಂದು ಹಂತಹಂತವಾಗಿ ಏರಿಸಿ, ಪ್ರತಿಯೊಂದು ಹಂತದಲ್ಲಿಯೂ ಮೇಸ್ತ್ರಿಗಳು ಹೇಳಿದಾಗ ಚಕ್ರವನ್ನು ಕೂದಲೆಳೆಯಷ್ಟು ಅಲುಗಿಸಿ ಬಿಟ್ಟನು. ಟ್ರೈಲರು ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು. ಆಗ ಎದುರಿನಿಂದ ಒಂದು ಲಾರಿ ಬಂದಿತು. ನಾವು ಉಸಿರು ಹಿಡಿದೆವು. ಗಾಳಿಯು ಪೆಟ್ಟಿಗೆಗೆ ಬಡಿದ ಸದ್ದು ಕೇಳಿತು. ಜೀಪು ತನ್ನ ಗೆರೆಯನ್ನು ಬಿಡಲಿಲ್ಲ. “ಇನ್ನು ಐವತ್ತರ ಮೇಲೆ ಹೋಗಬೇಡಪ್ಪಾ. ಆಗುತ್ತದೆಂದು ಗೊತ್ತಾಯಿತಲ್ಲ, ಅಷ್ಟು ಸಾಕು” ಎಂದರು ಮೇಸ್ತ್ರಿಗಳು.

ಕಾರ್ಖಾನೆಗೆ ಮರಳಿದಾಗ ಅವರು ಬಿಳಿಯ ಬಣ್ಣದಿಂದ ಟ್ರೈಲರಿನ ಮೂಕಿಯ ಮೇಲೆ “೪೯” ಎಂದು ಬರೆದರು. ಒಳಗಡೆ, ಒಡಲನ್ನು ಎಲ್ಲಿಯವರೆಗೆ ನೂಕಬೇಕೆಂಬುದಕ್ಕೆ ಒಂದು ಗೆರೆಯನ್ನೂ ಎಳೆದರು. ಕೂಲಿಯನ್ನು ಕಾಗದದ ಮೇಲೆ ಲೆಕ್ಕಮಾಡಿ ತೆಗೆದುಕೊಂಡರು. ಅವರ ಕೆಲಸದ ಬೆಲೆಗೆ ಅದು ಕಡಿಮೆಯೆಂದು ನಮಗೆ ತೋರಿತು. ಹೆಚ್ಚಿಗೆ ಕೊಡಹೋದಾಗ ಬೇಡವೆಂದರು.

ಶಾಲೆಯು ಅಲ್ಲಿಂದ ಎರಡು ಕಿಲೋಮೀಟರು. ನಮ್ಮ ಮನೆಯವರು ಕಾರ್ಖಾನೆಯ ಬಾಗಿಲಲ್ಲಿ ನಿಂತು, ತಮ್ಮನ ಮುಖವನ್ನೂ ಮೂಕಿಯ ಮೇಲಣ ಬಿಳಿಯ ಅಂಕಿಯನ್ನೂ ನೋಡಿದರು. ಬಳಿಕ ಮಗಳನ್ನು ಜೀಪಿನೊಳಕ್ಕೆ ಹತ್ತಿಸಿ, ತಾವೂ ಹತ್ತಿ ಕುಳಿತರು. ಯಾರೂ ಏನೂ ಮಾತನಾಡಲಿಲ್ಲ. ಶಾಲೆಯ ಬಯಲಿನಲ್ಲಿ ರೆಕ್ಕೆಗಳನ್ನು ಜೋಡಿಸಿದಾಗ ಮಕ್ಕಳು ಒಬ್ಬೊಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಿದರು. ಅವರಲ್ಲಿ ಅನೇಕರ ಅಜ್ಜಂದಿರು ಅದೇ ನೆಲದ ಕೆಳಗೆ ದುಡಿದವರು. ಮೇಸ್ತ್ರಿಗಳ ಮೊಮ್ಮಗನು ರೆಕ್ಕೆಯ ಕೆಳಗೆ ಬಗ್ಗಿ, “ಇದಕ್ಕೆ ಯಂತ್ರ ಎಲ್ಲಿ ತಾತಾ?” ಎಂದು ಕೇಳುತ್ತಿದ್ದನು. ಅವರು ಅವನಿಗೆ ತಮಿಳಿನಲ್ಲಿ ಬಹಳ ಹೊತ್ತು ಏನನ್ನೋ ವಿವರಿಸುತ್ತಿದ್ದರು.

ಬರಿಯ ಟ್ರೈಲರನ್ನು ಕಟ್ಟಿಕೊಂಡು ಹಿಂತಿರುಗುವಾಗ, ಬಂಗಾರಪೇಟೆಯ ಮಂಡಿಯ ಮುಂದೆ ನಿಲ್ಲಿಸಿ ಮತ್ತೊಮ್ಮೆ ತೂಗಿದೆವು. ಮೂಟೆ ಹೊರುವ ಮುದುಕರು ಬಂದು, ಅಂಗೈಯಿಂದ ಹಿಂದಣ ಬಾಗಿಲನ್ನು ಒತ್ತಿ ನೋಡಿ, ತಲೆದೂಗಿ, ತಮ್ಮ ಕೆಲಸಕ್ಕೆ ಹೋದರು.